ಕಬಡ್ಡಿ ಕೋಚ್‌ಗೂ ತಾಲೀಮು ಬೇಕು

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯ ಶಾಲೆ, ಸಂಘಗಳ ಕಬಡ್ಡಿ ತಂಡಕ್ಕೆ ಕೋಚ್ ಹುಡುಕುವಾಗ ಮೊದಲು ಕೇಳುವ ಪ್ರಶ್ನೆ, ‘ಎಲ್ಲಿಯವರೆಗೆ ಆಡಿದ್ದಾರೆ?’ ಎಂಬುದು. ಆಟ ಬಿಟ್ಟ ಮರುದಿನವೇ ಕೈಗೆ ಸೀಟಿ ಬಂದುಬಿಡುತ್ತದೆ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟಗಾರ ಕೋಚ್ ಆಗುವ ದಾರಿಯನ್ನು ನಮ್ಮವರು ಗಮನಿಸಬೇಕು.

ಡಗ್ ಪೀಡರ್ಸನ್ ಅಲ್ಲಿ ಬಹುಕಾಲ ಬದಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಆಗಿದ್ದವರು. ನಿವೃತ್ತಿಯ ನಂತರ 2005ರಿಂದ 2008ರವರೆಗೆ ಲೂಸಿಯಾನದ ಹೈಸ್ಕೂಲ್ ಒಂದರಲ್ಲಿ ಮಕ್ಕಳಿಗೆ ಆಟ ಕಲಿಸಿದರು. 2009ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದಾಗ ಸಿಕ್ಕಿದ್ದು ‘ಕ್ವಾಲಿಟಿ ಕಂಟ್ರೋಲ್’ ಎಂಬ ತಳಮಟ್ಟದ ಕೆಲಸ. ಎದುರಾಳಿಯ ಪಂದ್ಯದ ವಿಡಿಯೊ ತುಂಡರಿಸುವುದು, ಯಾವ ಸಂದರ್ಭದಲ್ಲಿ ಯಾವ ಆಟ ಹೂಡುತ್ತಾರೆ ಎಂದು ಪಟ್ಟಿ ಮಾಡುವುದು, ಅಭ್ಯಾಸಕ್ಕೆ ಚಿತ್ರದ ಕಾರ್ಡ್ ಬರೆಯುವುದು. ಹೀಗೆ ಮೇಲೇರಿ 2016ರಲ್ಲಿ ಅದೇ ತಂಡದ ಮುಖ್ಯ ಕೋಚ್ ಆದರು, 2018ರ ಫೆಬ್ರುವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಲೈನ್‌ಬ್ಯಾಕರ್ (ರಕ್ಷಣಾ ಆಟಗಾರ) ಆಗಿ ಹೆಸರು ಮಾಡಿದ್ದ ಡಿಮೆಕೊ ರಯನ್ಸ್ ಕೂಡ 2017ರಲ್ಲಿ ಇದೇ ಕೆಲಸದಿಂದ ಶುರುಮಾಡಿ 2023ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್‌ನ ಮುಖ್ಯ ಕೋಚ್ ಆದರು.

ಬಾರ್ಟ್ ಸ್ಟಾರ್ ಅವರದು ಬೇರೆ ಕಥೆ. ಮೊದಲ ಎರಡು ಸೂಪರ್ ಬೌಲ್ ಗೆದ್ದ ಗ್ರೀನ್ ಬೇ ಪ್ಯಾಕರ್ಸ್‌ನ ಮಹಾನ್ ಕ್ವಾರ್ಟರ್‌ಬ್ಯಾಕ್. ಸಹಾಯಕನಾಗಿ ದುಡಿದದ್ದು ಒಂದೇ ಋತು, 1972ರಲ್ಲಿ. 1975ರಿಂದ 1983ರವರೆಗೆ ಅದೇ ತಂಡದ ಮುಖ್ಯ ಕೋಚ್ ಆಗಿದ್ದಾಗ ಲೀಗ್ ಹಂತದಲ್ಲಿ ಗೆಲುವು 52, ಸೋಲು 76, ಸಮ 3.

ನಮ್ಮ ಅಂಕಣದಲ್ಲಿ ಎಡವುವುದು ಎಲ್ಲಿ? ಸಾಲಿನ ತುದಿಯಲ್ಲಿ ನಿಲ್ಲುವ ಒಳ್ಳೆಯ ಕಾರ್ನರ್ ಆಟಗಾರನಿಗೆ ಆಂಕಲ್ ಹೋಲ್ಡ್, ಅಂದರೆ ರೈಡರ್‌ನ ಕಣಕಾಲು ಹಿಡಿಯುವುದು, ರೂಢಿಯಲ್ಲೇ ಬಂದಿರುತ್ತದೆ, ತಾನು ಏನನ್ನು ನೋಡಿ ನುಗ್ಗುತ್ತೇನೆಂದು ಹೇಳಲು ಬರುವುದಿಲ್ಲ. ಕೋಚ್ ಆದಾಗ ‘ನುಗ್ಗಿ ಹಿಡಿ’ ಎಂದಷ್ಟೇ ಕೂಗುತ್ತಾರೆ. ಹುಡುಗ ತಲೆ ತಗ್ಗಿಸಿ ಕೈ ಚಾಚುತ್ತಾನೆ. ರೈಡರ್‌ನ ಮೊಣಕಾಲು ಮುಖಕ್ಕೆ ಬಡಿಯುತ್ತದೆ, ಇಲ್ಲವೇ ಬೆರಳು ಉಳುಕುತ್ತದೆ. ಹೇಳಿಕೊಡಬೇಕಾದ್ದು ಇಷ್ಟು: ಕಣ್ಣು ರೈಡರ್‌ನ ಕೈ ಮೇಲಲ್ಲ, ಸೊಂಟದ ಮೇಲಿರಲಿ. ಮುಂದಿನ ಪಾದದ ಮೇಲೆ ಅವನ ಭಾರ ಕೂತ ಕ್ಷಣದಲ್ಲೇ ನುಗ್ಗು. ಎರಡೂ ಕೈಯಿಂದ ಕಣಕಾಲು ಬಿಗಿಹಿಡಿದು ಎದೆಗೆ ಒತ್ತಿಕೊ, ತಲೆ ಕಾಲಿನ ಹೊರಬದಿಗಿರಲಿ. ಮೊದಲು ಮಂಡಿಯೂರಿ, ಆಮೇಲೆ ನಡೆಯುವ ರೈಡರ್ ಮೇಲೆ, ನಂತರ ಅರ್ಧ ವೇಗದಲ್ಲಿ, ಕೊನೆಗೆ ಪೂರ್ಣ ವೇಗದಲ್ಲಿ. ಪಕ್ಕದ ಕವರ್ ಆಟಗಾರ ಅದೇ ಕ್ಷಣ ಮೇಲೆ ಬೀಳದಿದ್ದರೆ ಹಿಡಿತ ನಿಲ್ಲದು. ಆದ್ದರಿಂದ ಇದನ್ನು ಜೋಡಿಯಾಗಿಯೇ ಕಲಿಸಬೇಕು.

ಕ್ರೀಡಾ ಇಲಾಖೆ, ಸಂಘಗಳಲ್ಲಿ ನಮ್ಮ ಕೋರಿಕೆ: ಪದಕ ಎಷ್ಟೇ ಇರಲಿ, ತಂಡ ಒಪ್ಪಿಸುವ ಮುನ್ನ ಒಂದು ಋತು ಸಹಾಯಕರಾಗಿ ದುಡಿಸಿ. ಮೊಬೈಲನ್ನು ಕೊನೆಗೆರೆಯ ಹಿಂದೆ ಎತ್ತರದಲ್ಲಿ ಕಟ್ಟಿದರೆ ಏಳೂ ಜನರ ನಡುವಿನ ಅಂತರ ಕಾಣುತ್ತದೆ. ಒಂದು ರೈಡ್‌ಗೆ 30 ಸೆಕೆಂಡ್ ಎಂದರೆ 40 ನಿಮಿಷದ ಪಂದ್ಯದಲ್ಲಿ 80ರಷ್ಟು ರೈಡ್. ಪ್ರತಿಯೊಂದಕ್ಕೂ ಒಂದು ಸಾಲು ಬರೆಸಿ: ಎಡದಿಂದ ಹೊರಟನೋ ಬಲದಿಂದಲೋ, ಎದುರಿಗೆ ಎಷ್ಟು ಜನ, ಮೊದಲು ಕೈ ಹಾಕಿದವರು ಯಾರು, ಫಲ ಏನು. ಮಲೆನಾಡಿನಲ್ಲಿ ಜೂನ್‌ನಿಂದ ಮಣ್ಣಿನ ಅಂಕಣ ಕೆಸರಾಗಿಯೇ ಇರುತ್ತದೆ, ಈ ಕೆಲಸಕ್ಕೆ ಆ ತಿಂಗಳುಗಳೇ ಸರಿ. ಶಾಲೆಯ ಸಭಾಂಗಣದಲ್ಲಿ ನಾಲ್ಕು ಮ್ಯಾಟ್ ಹಾಸಿದರೆ ಮಂಡಿಯೂರಿ ಹಿಡಿಯುವ ಅಭ್ಯಾಸವೂ ಮಳೆಯಲ್ಲಿ ನಿಲ್ಲುವುದಿಲ್ಲ.

– ಹಿರಿಯ ಕಬಡ್ಡಿ ಆಟಗಾರರು, ತೀರ್ಥಹಳ್ಳಿ