ಪ್ಲೇಟ್ಲೆಟ್ ಕಮ್ಮಿಯಾದಾಗ ಜೊತೆಗಿದ್ದವರಿಗೆ

ಈ ಚೌತಿಗೆ ನಾನು ಮಾತ್ರೆ ನಿಲ್ಲಿಸಿ ಒಂದು ವರ್ಷವಾಯಿತು. ಮೊನ್ನೆಯ ರಿಪೋರ್ಟಿನಲ್ಲಿ ಪ್ಲೇಟ್ಲೆಟ್ 1 ಲಕ್ಷ 20 ಸಾವಿರ. ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು. ಹಾಗಾಗಿ ನನ್ನದು ಇನ್ನೂ ಕಮ್ಮಿಯೇ. ಆದರೆ 9 ಸಾವಿರ ನೋಡಿ ಬಂದವಳಿಗೆ ಇದೇ ಹಬ್ಬ. ಡಾಕ್ಟರು ‘ವಾಸಿಯಾಯಿತು’ ಅನ್ನುವುದಿಲ್ಲ. ‘ಸದ್ಯಕ್ಕೆ ಚೆನ್ನಾಗಿದೆ, ಆಗಾಗ ತೋರಿಸ್ತಾ ಇರಿ’ ಅನ್ನುತ್ತಾರೆ. ಸದ್ಯಕ್ಕೆ ಚೆನ್ನಾಗಿರುವಾಗಲೇ ಕೆಲವರಿಗೆ ಥ್ಯಾಂಕ್ಸ್ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ನನ್ನ ಕಾಯಿಲೆ ಐಟಿಪಿ, ಅಂದರೆ ಇಮ್ಯೂನ್ ಥ್ರಾಂಬೋಸೈಟೋಪೀನಿಯಾ. ಗಾಯವಾದಾಗ ರಕ್ತ ನಿಲ್ಲಿಸುವ ಪ್ಲೇಟ್ಲೆಟ್ಟುಗಳನ್ನು ನಮ್ಮ ದೇಹವೇ ಶತ್ರು ಅಂದುಕೊಳ್ಳುತ್ತದೆ. ಹೊಟ್ಟೆಯ ಎಡಗಡೆ ಇರುವ ಗುಲ್ಮ, ಡಾಕ್ಟರು ಸ್ಪ್ಲೀನ್ ಅನ್ನುತ್ತಾರಲ್ಲ, ಅದು ಅವನ್ನು ನುಂಗಿಹಾಕುತ್ತದೆ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಯಾಕೆ ಬಂತು ಅಂದರೆ ಹೆಚ್ಚಿನವರಲ್ಲಿ ಕಾರಣ ಸಿಗುವುದಿಲ್ಲ. ‘ಏನೋ ತಿಂದಿರಬೇಕು’ ಅಂದ ಬಂಧುಗಳೆಲ್ಲ ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ.

ನನಗೆ ಶುರುವಾದದ್ದು ಮಳೆಗಾಲದಲ್ಲಿ. ಮೊಣಕಾಲಿನ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಸೊಳ್ಳೆ ಕಚ್ಚಿದ್ದು ಅಂದುಕೊಂಡರೆ ತುರಿಕೆಯೇ ಇಲ್ಲ. ಬೆರಳಿಂದ ಒತ್ತಿದರೂ ಮಾಯವಾಗಲಿಲ್ಲ. ಆಮೇಲೆ ಹಲ್ಲುಜ್ಜುವಾಗ ರಕ್ತ, ಕೆನ್ನೆಯ ಒಳಗೆ ಕಪ್ಪು ಗುಳ್ಳೆ, ಆ ತಿಂಗಳ ಮುಟ್ಟು ನಿಲ್ಲಲೇ ಇಲ್ಲ. ಮುಂಬೈನಲ್ಲಿ ಮಳೆಗಾಲದಲ್ಲಿ ಪ್ಲೇಟ್ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಡೆಂಗಿ. ಜ್ವರವೇ ಇಲ್ಲದಿದ್ದರೂ ಮೊದಲು ಸೇರಿದ ನರ್ಸಿಂಗ್ ಹೋಮಿನಲ್ಲಿ ಅದನ್ನೇ ಹಿಡಿದು ಕೂತರು. ಪ್ಲೇಟ್ಲೆಟ್ ಬಾಟಲಿ ಏರಿಸಿದರು, ಮರುದಿನಕ್ಕೆ ಮತ್ತೆ ಅಷ್ಟೇ. ಐಟಿಪಿಯಲ್ಲಿ ಹೊರಗಿಂದ ಕೊಟ್ಟದ್ದನ್ನೂ ದೇಹ ಹಾಗೇ ತಿಂದುಹಾಕುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಕ್ಕಪಕ್ಕದವರು ತಂದ ಪಪ್ಪಾಯಿ ಎಲೆ ರಸದ ಕಹಿ ಮಾತ್ರ ಇನ್ನೂ ನಾಲಿಗೆ ಮೇಲಿದೆ.

ಮೊದಲ ಥ್ಯಾಂಕ್ಸ್ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಚಿಕ್ಕ ಲ್ಯಾಬಿನ ಡಾಕ್ಟರಿಗೆ. ಮೆಷಿನ್ ಕೊಟ್ಟ ನಂಬರನ್ನು ಅವರು ಸೀದಾ ಪ್ರಿಂಟ್ ಮಾಡಿ ಕೊಡಲಿಲ್ಲ. ಟ್ಯೂಬಿನಲ್ಲಿರುವ ಕೆಮಿಕಲ್‌ಗೆ ಕೆಲವರ ಪ್ಲೇಟ್ಲೆಟ್ ಗುಂಪು ಕಟ್ಟಿಕೊಳ್ಳುತ್ತದಂತೆ, ಆಗ ಮೆಷಿನ್ ಸುಳ್ಳು ಲೆಕ್ಕ ಕೊಡುತ್ತದಂತೆ. ಅದಕ್ಕೆ ಗಾಜಿನ ಮೇಲೆ ರಕ್ತ ಸವರಿ ತಾವೇ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಗುಂಪಿರಲಿಲ್ಲ, ನಿಜವಾಗಿಯೂ ಕಮ್ಮಿ ಇತ್ತು, ಇದ್ದ ಕೆಲವು ದಪ್ಪ ದಪ್ಪ ಇದ್ದವು. ‘ಇದು ಡೆಂಗಿ ಥರ ಕಾಣ್ತಿಲ್ಲ, ಇವತ್ತೇ ಹೆಮಟಾಲಜಿಸ್ಟ್ ಹತ್ರ, ಅಂದ್ರೆ ರಕ್ತದ ಕಾಯಿಲೆ ಡಾಕ್ಟ್ರ ಹತ್ರ ಹೋಗಿ’ ಅಂತ ನನ್ನ ಗಂಡನಿಗೆ ರಾತ್ರಿ ಫೋನ್ ಮಾಡಿದರು. ಯಾವ ಲ್ಯಾಬಿನವರು ಹೀಗೆ ಫೋನ್ ಮಾಡುತ್ತಾರೆ ಹೇಳಿ?

ಪರೇಲಿನ ನಮ್ಮ ಹೆಮಟಾಲಜಿ ಮೇಡಂ ಮಾತು ಕಮ್ಮಿ. ಐಟಿಪಿಗೆ ಅಂತ ಒಂದೇ ಖಚಿತ ಟೆಸ್ಟ್ ಇಲ್ಲ. ಎಚ್‌ಐವಿ, ಹೆಪಟೈಟಿಸ್ ಸಿ, ಲೂಪಸ್, ಹೀಗೆ ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗಿಟ್ಟು ಕೊನೆಗೆ ಇಲ್ಲಿಗೆ ಬಂದರು. ಸ್ಟೀರಾಯ್ಡ್ ಶುರುವಾದ ಮೇಲೆ ನಾನು ನಾನಾಗಿರಲಿಲ್ಲ. ಮುಖ ಪೂರಿಯ ಹಾಗೆ ಉಬ್ಬಿತ್ತು. ನಿದ್ದೆ ಇಲ್ಲ, ನಡುರಾತ್ರಿ ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದೆ. ಸುಮ್ಸುಮ್ನೆ ಸಿಟ್ಟು. ಒಂದು ದಿನ ಮೇಡಂ ಹತ್ತಿರ ಅತ್ತುಬಿಟ್ಟೆ. ಅವರು ಸಮಾಧಾನದ ಬದಲು ಒಂದು ಕತೆ ಹೇಳಿದರು.

1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಅಂತ ಒಬ್ಬ ಯುವ ಡಾಕ್ಟರ್ ಇದ್ದರು. ಪ್ಲೇಟ್ಲೆಟ್ ಹಾಳುಮಾಡುವ ವಸ್ತು ಐಟಿಪಿ ರೋಗಿಗಳ ರಕ್ತದಲ್ಲೇ ಇದೆ ಅನ್ನುವುದು ಅವರ ಅನುಮಾನ. ಪರೀಕ್ಷೆ ಮಾಡಲು ರೋಗಿಯ ರಕ್ತವನ್ನು ತಮಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್ಲೆಟ್ ಪಾತಾಳಕ್ಕಿಳಿಯಿತು, ಫಿಟ್ಸ್ ಬಂತು, ಮೈಮೇಲೆ ಚುಕ್ಕೆಗಳೆದ್ದವು. ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಅದಾದ ಮೇಲೂ ಬಿಡದೆ ಸಹೋದ್ಯೋಗಿಗಳ ಮೇಲೆ ಅದೇ ಪ್ರಯೋಗ ಮಾಡಿದರು. ಇವತ್ತು ಹಾಗೆ ಮಾಡಲು ಯಾರೂ ಒಪ್ಪಲಿಕ್ಕಿಲ್ಲ, ಒಪ್ಪಲೂಬಾರದು. ಆದರೂ ನನ್ನ ಚುಕ್ಕೆಗಳನ್ನು ಬೇಕಂತಲೇ ಮೈಮೇಲೆ ಹಾಕಿಕೊಂಡವರು ಇದ್ದರಲ್ಲ ಅಂತ ಕೇಳಿ ಅಳು ನಿಂತಿತು. ಡಾಕ್ಟರ್ ಹ್ಯಾರಿಂಗ್ಟನ್, ನಿಮಗೂ ಥ್ಯಾಂಕ್ಸ್.

ಮುಖ ಗೊತ್ತಿಲ್ಲದ ಇನ್ನೂ ಕೆಲವರಿದ್ದಾರೆ. ರಕ್ತ ಜಾಸ್ತಿ ಹೋಗುತ್ತಿದ್ದಾಗ ನನಗೆ ಐವಿಐಜಿ ಕೊಟ್ಟರು. ಅದು ಸಾವಿರಾರು ಜನರು ಕೊಟ್ಟ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಸೇರಿಸಿ ತಯಾರಿಸುವ ಔಷಧಿ. ಬೆಲೆ ಕೇಳಿ ಗಂಡ ಮಾತಾಡದೆ ಹೊರಗೆ ಹೋಗಿದ್ದರು. ನಮ್ಮ ಕನ್ನಡ ಬಳಗದ ಹೆಂಗಸರು ಆ ವರ್ಷದ ಪಿಕ್‌ನಿಕ್ ಬಿಟ್ಟು ದುಡ್ಡು ಕೂಡಿಸಿಕೊಟ್ಟರು. ಮಾಟುಂಗದ ಹೋಟೆಲಿನ ನಮ್ಮೂರಿನ ಹಿರಿಯರೊಬ್ಬರು ಲಕೋಟೆ ಕಳಿಸಿ, ಒಳಗೆ ಹೆಸರನ್ನೂ ಬರೆಯಲಿಲ್ಲ. ನಮಗೆ ಗೊತ್ತಾಯಿತು ಬಿಡಿ, ಲಕೋಟೆಗೆ ಕಾಫಿಪುಡಿ ವಾಸನೆ ಇತ್ತು.

ಅತ್ತೆಯ ಬಗ್ಗೆ ಬರೆಯದಿದ್ದರೆ ಈ ಬರಹವೇ ಸುಳ್ಳಾಗುತ್ತದೆ. ಕುಂದಾಪುರ ಕಡೆಯವರು, ಎಪ್ಪತ್ತು ದಾಟಿದೆ. ನನಗೆ ಗಾಯವಾಗಬಾರದು ಅಂತ ಗೊತ್ತಾದ ದಿನವೇ ಈಳಿಗೆ ಮಣೆಯನ್ನು ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು. ‘ನೀನ್ ಸುಮ್ನೆ ಕೂಕೋ ಮಗಾ’ ಅಂತ ಹೇಳಿ ತೆಂಗಿನಕಾಯಿ ತುರಿಯುವುದು, ಮೀನು ಕೊಯ್ಯುವುದು ಎಲ್ಲ ಅವರೇ. ಸ್ಟೀರಾಯ್ಡ್ ಇಳಿಸಿದ ಮೇಲೆ ಪ್ಲೇಟ್ಲೆಟ್ ಹೆಚ್ಚಿಸುವ ಎಲ್ಟ್ರಾಂಬೋಪ್ಯಾಗ್ ಅನ್ನುವ ಮಾತ್ರೆ ಶುರುವಾಯಿತು. ಆ ಮಾತ್ರೆಗೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ. ಹಾಲು, ಮೊಸರು ತಿಂದು ನಾಲ್ಕು ಗಂಟೆ ಕಳೆಯಬೇಕು, ಮಾತ್ರೆ ತಗೊಂಡ ಮೇಲೂ ಎರಡು ಗಂಟೆ ಮುಟ್ಟುವ ಹಾಗಿಲ್ಲ. ನಾನು ರಾತ್ರಿ ಮಲಗುವ ಹೊತ್ತಿಗೆ ತಗೊಳ್ಳುತ್ತಿದ್ದೆ. ಮಜ್ಜಿಗೆ ಅನ್ನವಿಲ್ಲದೆ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದದ್ದೇ ಇಲ್ಲ. ಅತ್ತೆ ಒಂದು ಮಾತೂ ಆಡದೆ ಮೊಸರನ್ನು ಮಧ್ಯಾಹ್ನಕ್ಕೆ ಸರಿಸಿದರು. ರಾತ್ರಿ ಎಲ್ಲರಿಗೂ ಸಾರೇ ಕೊನೆ, ಅವರಿಗೂ. ನನ್ನೆದುರು ಯಾರೂ ಮೊಸರು ಕಲಸಬಾರದು ಅಂತ ಮಗನಿಗೂ ಮೊಮ್ಮಗನಿಗೂ ಕಟ್ಟಪ್ಪಣೆ. ನನ್ನ ಮಗ ಒಂದು ರಾತ್ರಿ ಬಾಲ್ಕನಿಯಲ್ಲಿ ಕದ್ದು ತಿಂದು ಸಿಕ್ಕಿಬಿದ್ದ, ಆ ಗಲಾಟೆ ಮೂರನೇ ಮಹಡಿಗೂ ಕೇಳಿಸಿತ್ತು.

ಆಫೀಸಿನಲ್ಲಿ ಪಕ್ಕದ ಮೇಜಿನ ಗೆಳತಿಗೆ ಒಂದೇ ಕಾರಣಕ್ಕೆ ಥ್ಯಾಂಕ್ಸ್. ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ’ ಅಂತ ಅವಳು ಒಮ್ಮೆಯೂ ಅನ್ನಲಿಲ್ಲ. ಈ ಕಾಯಿಲೆಯಲ್ಲಿ ಕಲೆಗಿಂತ ಸುಸ್ತು ದೊಡ್ಡದು. ಎಷ್ಟು ಮಲಗಿದರೂ ಹೋಗದ ಸುಸ್ತು. ಅದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ತಲೆನೋವು ಅಂದರೆ ಐಬುಪ್ರೊಫೆನ್, ಆಸ್ಪಿರಿನ್ ನನಗೆ ಆಗುವುದಿಲ್ಲ ಅಂತ ನೆನಪಿಟ್ಟು ಪ್ಯಾರಾಸಿಟಮಾಲನ್ನೇ ಕೊಡುತ್ತಿದ್ದವಳೂ ಅವಳೇ.

ಇನ್ನು ನನ್ನ ಗಂಡ. ಅವರು ಪಟ್ಟ ಪಾಡು ಬೇರೆ. ಲೋಕಲ್ ಗಾಡಿಯಲ್ಲಿ ಯಾರದೋ ಬ್ಯಾಗು ತಾಗಿದರೂ ನನ್ನ ತೋಳಿನ ಮೇಲೆ ಅಂಗೈಯಗಲ ನೀಲಿ ಕಲೆ. ನೋಡಿದವರು ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ಅವರನ್ನು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಅವರನ್ನು ಹೊರಗೆ ಕಳಿಸಿ ‘ಮನೇಲಿ ಹೊಡೀತಾರಾ?’ ಅಂತ ನೇರವಾಗಿ ಕೇಳಿದ್ದರು. ನನಗೆ ನಾಚಿಕೆಯಾಯಿತು. ಗಂಡ ಮಾತ್ರ ‘ಕೇಳಲಿ ಬಿಡು, ಯಾರಿಗಾದ್ರೂ ಉಪಯೋಗ ಆಗತ್ತೆ’ ಅಂದರು.

ಲೇಡೀಸ್ ಡಬ್ಬಿಯಲ್ಲೂ ಒಬ್ಬರು ಕೇಳಿದರು. ದಿನಾ ಮುಖ ನೋಡಿದ್ದೆವು ಅಷ್ಟೇ, ಹೆಸರು ಗೊತ್ತಿರಲಿಲ್ಲ. ನನ್ನ ತೋಳನ್ನು ನೋಡಿ, ಪಕ್ಕಕ್ಕೆ ಸರಿದು, ಕಿವಿಯ ಹತ್ತಿರ ಬಂದು ‘ಘರೀ ಸಗಳಂ ಠೀಕ್ ಆಹೇ ನಾ?’ (ಮನೇಲಿ ಎಲ್ಲ ಸರಿ ಇದೆ ತಾನೆ?) ಅಂದರು. ಕಾಯಿಲೆ ಅಂದೆ. ನಂಬಲಿಲ್ಲ ಅನ್ನಿಸುತ್ತದೆ, ತಮ್ಮ ಫೋನ್ ನಂಬರ್ ಚೀಟಿಯಲ್ಲಿ ಬರೆದುಕೊಟ್ಟರು, ಯಾವ ಹೊತ್ತಿಗಾದರೂ ಮಾಡು ಅಂದರು. ಮರುದಿನ ನಾನು ರಿಪೋರ್ಟನ್ನೇ ತಂದು ತೋರಿಸಬೇಕಾಯಿತು. ಅವತ್ತಿನಿಂದ ಗೋಡೆ ಬದಿಯ ಸೀಟು ನನಗೆ, ಬಾಗಿಲಿನ ನೂಕುನುಗ್ಗಲಿಗೆ ಅವರು ಅಡ್ಡ. ಅವರಿಗೆ ಕನ್ನಡ ಬರುವುದಿಲ್ಲ. ಹಾಗಾಗಿ ಇದನ್ನು ನಾಳೆ ಬೆಳಿಗ್ಗೆ ಗಾಡಿಯಲ್ಲಿ ನಾನೇ ಮರಾಠಿಯಲ್ಲಿ ಹೇಳಬೇಕು. ಥಾಣೆ ಬರುವಷ್ಟರಲ್ಲಿ ಮುಗಿಸಬೇಕು, ಅವರು ಅಲ್ಲೇ ಇಳಿಯುತ್ತಾರೆ.