ಅಕ್ಕ, ಇದನ್ನ ಅಪ್ಪನ ಮುಂದೆ ಓದಬೇಡ

ಫೀನಿಕ್ಸ್, ಅರಿಜೋನಾ
ಜೂನ್ 9

ಅಕ್ಕನಿಗೆ ನಮಸ್ಕಾರ. ನಾನು ಕ್ಷೇಮ, ನೀವೆಲ್ಲ ಕ್ಷೇಮ ಅಂತ ನಂಬಿದ್ದೀನಿ. ಭಾವನನ್ನ, ಪುಟ್ಟಿಯನ್ನ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಬಂತು. ನಾಲ್ಕೂ ಪುಟದ ಫೋಟೋ ತೆಗೆದು ಕಳಿಸಿದ್ದು ಒಳ್ಳೇದಾಯ್ತು, ಆದ್ರೆ ಮೂರನೇ ಪುಟದಲ್ಲಿ ನಿನ್ನ ಹೆಬ್ಬೆರಳು ಅಡ್ಡ ಬಂದು ಎರಡು ಸಾಲು ಮುಚ್ಚಿಹೋಗಿದೆ. "ಅವ್ವನ ಅವಲಕ್ಕಿ ಸರ" ಅನ್ನೋವರೆಗೆ ಕಾಣುತ್ತೆ. ಆಮೇಲೆ ಬರೀ ಉಗುರು. ಉಗುರು ದಾಟಿದ ಮೇಲೆ "ಅಂತ ಅವ್ವನೇ ಅಂದ್ಲು" ಅಂತಿದೆ. ನಡುವೆ ಏನಿತ್ತು ಅಂತ ಎರಡು ರಾತ್ರಿಯಿಂದ ತಲೆ ಕೆಡಿಸ್ಕೊಂಡಿದ್ದೀನಿ. ಫೋನಲ್ಲಿ ಕೇಳೋಣ ಅಂದ್ರೆ ಅಪ್ಪ ಸ್ಪೀಕರ್ ಹಾಕಿ ಫೋನನ್ನ ನಡುಮನೆ ಟೀಪಾಯಿ ಮೇಲೆ ಇಟ್ಟುಬಿಡ್ತಾರೆ, ಓಬಣ್ಣನಿಂದ ಹಿಡಿದು ಹಾಲು ಹಾಕೋನವರೆಗೆ ಎಲ್ಲರೂ ಕೂತು ಕೇಳ್ತಾರೆ. ಅದಕ್ಕೇ ನಾನೂ ಕಾಗದ ಬರೀತಿದ್ದೀನಿ. ಅಪ್ಪ ಓದು ಅಂತ ಹಟ ಹಿಡಿದ್ರೆ ಆಟದ ಭಾಗ ಓದು, ಬೋರ್‌ವೆಲ್ ಭಾಗ ನುಂಗ್ಕೋ.

ಮೊದಲು ನಿನ್ನ ಬೈಗುಳಕ್ಕೆ ಉತ್ತರ. "ಇಲ್ಲಿ ಅಪ್ಪ ಟ್ಯಾಂಕರ್ ನೀರು ತರಿಸಿ ಅಡಿಕೆ ಗಿಡ ಉಳಿಸ್ಕೊಳ್ತಿದ್ದಾರೆ, ನೀನಲ್ಲಿ ಮಂಗಳವಾರ ಬೆಳಬೆಳಗ್ಗೆ ತಟ್ಟೆ ಎಸ್ಕೊಂಡು ಆಡ್ತಿದ್ದೀಯ, ಕೆಲಸ ಇಲ್ವಾ" ಅಂತ ಬರೆದಿದ್ದೀಯ. ಕೆಲಸ ಇದೆ ಅಕ್ಕ. ಭದ್ರವಾಗಿದೆ. ನಮ್ಮ ಆಫೀಸು ಒಂಬತ್ತಕ್ಕೆ. ಈ ಊರಲ್ಲಿ ಜೂನ್ ತಿಂಗಳಲ್ಲಿ ಐದೂ ಇಪ್ಪತ್ತಕ್ಕೆಲ್ಲ ಸೂರ್ಯ ಹುಟ್ಟಿಬಿಡ್ತಾನೆ, ಎಂಟಾದ್ರೆ ಹೊರಗೆ ತಲೆ ಹಾಕೋಕೆ ಆಗಲ್ಲ. ಅಮೆರಿಕದಲ್ಲಿ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸ್ತಾರಲ್ಲ, ಫೀನಿಕ್ಸಿನವರು ಆ ಗೊಡವೆಗೇ ಹೋಗಲ್ಲ. ಬಿಸಿಲನ್ನ ಇನ್ನೂ ಒಂದು ಗಂಟೆ ಹೆಚ್ಚಿಗೆ ಯಾರು ತಡ್ಕೋತಾರೆ? ಅದಕ್ಕೇ ವರ್ಷಪೂರ್ತಿ ನಮಗೂ ನಿಮಗೂ ಹನ್ನೆರಡೂವರೆ ಗಂಟೆಯೇ ಅಂತರ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನ 110 ಡಿಗ್ರಿ ಮುಟ್ಟಿತ್ತು. ಅದು ಫ್ಯಾರನ್‌ಹೀಟ್ ಲೆಕ್ಕ, ಹೆದರಬೇಡ. ನಮ್ಮ ಲೆಕ್ಕಕ್ಕೆ 43. ನಿಜ, ಅದೂ ಹೆದರೋ ಲೆಕ್ಕವೇ.

ಈಗ ತಟ್ಟೆ ವಿಷಯ. ಅದು ತಟ್ಟೆ ಅಲ್ಲ, ಡಿಸ್ಕು. ಒಂದು ಗೇಣು ಅಗಲ, ನೂರ ಎಪ್ಪತ್ತು ಗ್ರಾಂ ತೂಕ. ಆಟದ ಹೆಸರು ಡಿಸ್ಕ್ ಗಾಲ್ಫ್. ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಬುಟ್ಟಿ, ಅದರ ಮೇಲೊಂದು ಚಕ್ರ, ಚಕ್ರದಿಂದ ಸುತ್ತ ಸರಪಳಿ ಇಳಿಬಿಟ್ಟಿರ್ತಾರೆ. ನೂರು ಗಜ ದೂರದಿಂದ ಎಸೀತಾ ಹೋಗಿ ಆ ಸರಪಳಿಗೆ ಹೊಡೆದು ಬುಟ್ಟಿಗೆ ಬೀಳಿಸಬೇಕು. ಕಮ್ಮಿ ಎಸೆತದಲ್ಲಿ ಮುಗಿಸಿದೋನು ಗೆದ್ದ. ಹದಿನೆಂಟು ಬುಟ್ಟಿ, ಒಂದೂವರೆ ಗಂಟೆ. ಡಿಸ್ಕು ಸರಪಳಿಗೆ ಸರಿಯಾಗಿ ಬಿದ್ದಾಗ ಒಂದು ಶಬ್ದ ಬರುತ್ತೆ ನೋಡು, ನಮ್ಮ ಹಳೇ ಎತ್ತು ಕೊಟ್ಟಿಗೆಯಲ್ಲಿ ಮೈ ಕೊಡವಿದಾಗ ಬರ್ತಿತ್ತಲ್ಲ, ಅಂಥದ್ದು. ಆ ಶಬ್ದಕ್ಕೇ ನಾನು ಹೋಗೋದು ಅಂದ್ರೂ ಸರಿ.

ಖರ್ಚು ಅಂತ ಮುಖ ಸಿಂಡರಿಸಬೇಡ. ಪಾರ್ಕಿಗೆ ದುಡ್ಡಿಲ್ಲ. ಮೂರು ಡಿಸ್ಕು ಕೊಂಡಿದ್ದೆ, ಒಂದೊಂದು ಹದಿನೈದು ಡಾಲರ್ ಒಳಗೆ. ಅದರಲ್ಲಿ ಒಂದನ್ನ ಕಾರಲ್ಲಿ ಮರೆತುಬಂದು ಸಂಜೆ ನೋಡಿದ್ರೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಬಿಸಾಕಿಲ್ಲ, ಒಲೆ ಪಕ್ಕ ಸೌಟು ಇಡೋಕೆ ಇಟ್ಕೊಂಡಿದ್ದೀನಿ.

ಈ ಆಟಕ್ಕೊಬ್ಬ ಮೂಲಪುರುಷ ಇದ್ದ, ಎಡ್ ಹೆಡ್ರಿಕ್ ಅಂತ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಲ್ಲಿ ಮೊದಲನೇ ಕೋರ್ಸು ಮಾಡಿದ್ದು ಅವನೇ, ಸರಪಳಿ ಬುಟ್ಟಿ ಕಂಡುಹಿಡಿದದ್ದೂ ಅವನೇ. 2002ರಲ್ಲಿ ತೀರ್ಕೊಂಡಾಗ ಅವನ ಆಸೆಯಂತೆ ಚಿತಾಭಸ್ಮವನ್ನ ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕು ಮಾಡಿಸಿದ್ರು. ಅವ್ವನಿಗೆ ಇದನ್ನ ಹೇಳಬೇಡ, ನನ್ನ ಕೈಯಲ್ಲಿ ಆ ಡಿಸ್ಕು ಮುಟ್ಟೋಕೆ ಬಿಡಲ್ಲ. ನನ್ನವು ಅಂಥವಲ್ಲ, ಮಾಮೂಲಿ ಪ್ಲಾಸ್ಟಿಕ್.

ಪಾರ್ಕು ಅಂದ ತಕ್ಷಣ ಲಾಲ್‌ಬಾಗ್ ಅಂದ್ಕೋಬೇಡ. ನಮ್ಮ ಅಮೃತಮಹಲ್ ಕಾವಲಿನ ಹುಲ್ಲುಗಾವಲಿಗೆ ಬೇಲಿ ಬೀಳೋ ಮುಂಚೆ ಹೇಗಿತ್ತು? ಹಾಗೆ, ಕಣ್ಣು ಹಾಯಿಸಿದಷ್ಟೂ ಸಪಾಟು. ಏರಿಲ್ಲ, ಇಳಿಜಾರಿಲ್ಲ. ಒಂದನೇ ಬುಟ್ಟಿ ಹತ್ರ ನಿಂತ್ರೆ ಹದಿನೆಂಟನೇದು ಕಾಣುತ್ತೆ. ಅಲ್ಲೊಂದು ಇಲ್ಲೊಂದು ಮೆಸ್ಕೀಟ್ ಮರ. ಇದು ಬೇರೆ ಯಾವುದೂ ಅಲ್ಲ ಅಕ್ಕ, ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದೇ ಮುಳ್ಳು, ಅದೇ ಕಾಯಿ. ನಾವು ಶಾಪ ಹಾಕ್ತಾ ಕಡಿದು ಒಲೆಗೆ ಹಾಕೋದನ್ನ ಇವರು ದುಡ್ಡು ಕೊಟ್ಟು ತಂದು ನೆಟ್ಟು, ಬುಡಕ್ಕೆ ಡ್ರಿಪ್ ಪೈಪು ಎಳೆದಿದ್ದಾರೆ. ಕಟ್ಟಿಗೆಯನ್ನ ಅಂಗಡಿಯಲ್ಲಿ ಚೀಲ ಕಟ್ಟಿ ಮಾರ್ತಾರೆ, ಮಾಂಸ ಸುಡೋದಕ್ಕೆ. ತಿಪ್ಪೇಶಿಗೆ ಹೇಳು, ಅವರ ಬದುವಿನ ಮೇಲೆ ಡಾಲರೇ ಬೆಳೆದು ನಿಂತಿದೆ ಅಂತ.

ಗಟ್ಟಿ ಆಟಗಾರರು ಈ ಪಾರ್ಕನ್ನ ಇಷ್ಟಪಡಲ್ಲ. ಮರ ಬಳಸಿ ಹೋಗೋದಿಲ್ಲ, ಹಳ್ಳ ದಾಟಿಸೋದಿಲ್ಲ, ಇದೇನು ಆಟ ಅಂತಾರೆ. ನನಗೆ ಹಾಗನ್ನಿಸಲ್ಲ. ಕಾಡಲ್ಲಿ ಆಡಿ ತಪ್ಪಿದ್ರೆ ಮರದ ಮೇಲೆ ತಪ್ಪು ಹಾಕಬಹುದು. ಈ ಬಯಲಲ್ಲಿ ನೆಪ ಹೇಳೋಕೆ ಒಂದು ಗಿಡವೂ ಸಿಗಲ್ಲ, ಇರೋದು ನನ್ನ ಕೈ ಮತ್ತು ಗಾಳಿ. ನಾನು ಬಲಗೈಯಲ್ಲಿ ಬೀಸಿ ಬಿಟ್ಟ ಡಿಸ್ಕು ವೇಗ ಇರೋವರೆಗೆ ನೆಟ್ಟಗೆ ಹೋಗಿ, ಸೋತಾಗ ಎಡಕ್ಕೆ ವಾಲುತ್ತೆ. ಎದುರು ಗಾಳಿ ಇದ್ರೆ ಅದೇ ಡಿಸ್ಕು ಬಲಕ್ಕೆ ಮಗುಚ್ಕೊಳ್ಳುತ್ತೆ. ಹಿಂದಿನ ಗಾಳಿ ದೂರ ಒಯ್ಯುತ್ತೆ ಅಂತ ನಾನು ಖುಷಿಪಟ್ಟಿದ್ದೆ. ಅದು ತಲೆ ಮೇಲೆ ಕೈಯಿಟ್ಟು ಒತ್ತಿದ ಹಾಗೆ ನೆಲಕ್ಕೆ ತಂದು ಹಾಕುತ್ತೆ. ನೆಲವೋ ಕಾದ ಹೆಂಚು. ಅಂಚಿನ ಮೇಲೆ ಬಿತ್ತು ಅಂದ್ರೆ ಬಂಡಿ ಚಕ್ರದ ಹಾಗೆ ಉರುಳಿ ಉರುಳಿ, ಎಸೆದ ದೂರದ ಅರ್ಧದಷ್ಟು ವಾಪಸ್ಸೂ ಬಂದಿದ್ದುಂಟು. ಗಾಳಿ ಬಂದಾಗ ತೂರಿಕೋ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಇಲ್ಲಿ ತಿರುಗುಮುರುಗು. ಗಾಳಿ ಬಂದಾಗ ಕೈ ಕಟ್ಕೊಂಡು ನಿಂತಿರಬೇಕು.

ಬೆಳಗ್ಗೆ ನನ್ನ ಜೊತೆ ಆಡೋಕೆ ಒಬ್ಬ ಅಜ್ಜ ಬರ್ತಾನೆ. ಎಪ್ಪತ್ತು ದಾಟಿದೆ, ನಾನು ಎರಡು ಎಸೆತದಲ್ಲಿ ಹೋಗೋದನ್ನ ಮೂರರಲ್ಲಿ ಹೋಗ್ತಾನೆ, ಆದ್ರೂ ಕೊನೆಗೆ ಗೆಲ್ಲೋದು ಅವನೇ. ಪ್ರತಿ ಎಸೆತಕ್ಕೂ ಮುಂಚೆ ಬಗ್ಗಿ ಒಂದು ಚಿಟಿಕೆ ಒಣಹುಲ್ಲು ಕಿತ್ತು, ಕಣ್ಣಿನ ಎತ್ತರಕ್ಕೆ ಹಿಡಿದು, ಬೆರಳು ಬಿಡ್ತಾನೆ. ಹುಲ್ಲು ಎತ್ತ ಹಾರಿತು ಅಂತ ನೋಡಿ ಹೆಜ್ಜೆ ಬದಲಿಸ್ತಾನೆ. ಮೊದಲ ದಿನ ಅದನ್ನ ನೋಡಿ ನಾನು ಸುಮ್ಮನೆ ನಿಂತುಬಿಟ್ಟೆ. ಕಣದಲ್ಲಿ ತೂರೋಕೆ ಮುಂಚೆ ಅಪ್ಪ ಮೊರದಿಂದ ಒಂದು ಹಿಡಿ ಹೊಟ್ಟು ಎತ್ತಿ ಬಿಡ್ತಿದ್ರಲ್ಲ, ಅದೇ ಕೈ, ಅದೇ ಅರ್ಧ ಮುಚ್ಚಿದ ಕಣ್ಣು. ನಿನ್ನ ಸರದಿ ಅಂತ ಅಜ್ಜ ಎರಡು ಸಲ ಹೇಳಬೇಕಾಯ್ತು.

ಸರಿ, ಅಪ್ಪನ ವಿಷಯಕ್ಕೇ ಬಂದೆ. ಇಲ್ಲಿಂದ ಮುಂದೆ ನೀನೊಬ್ಬಳೇ ಓದು.

ನಾಲ್ಕನೇ ಬೋರು ಬೇಡ ಅಕ್ಕ. ಮೊದಲನೇದು ಎರಡು ವರ್ಷ ಒಂದೂವರೆ ಇಂಚು ಕೊಟ್ಟು ನಿಂತುಹೋಯ್ತು. ಎರಡನೇದು ಶಿವರಾತ್ರಿ ಕಳೆದ್ರೆ ಬರೀ ಉಸಿರು ಬಿಡುತ್ತೆ. ಮೂರನೇದು 560 ಅಡಿವರೆಗೂ ಬಿಳಿ ಧೂಳು, ನೀನೇ ಸೆರಗು ಮುಚ್ಕೊಂಡು ನಿಂತಿದ್ದೆಯಲ್ಲ. ಈಗ ತೆಂಗಿನಕಾಯಿ ಹಿಡಿಯೋನು ಬಂದು, ಹುಣಸೆಮರದ ಮೂಲೆಯಲ್ಲಿ ಅಂಗೈ ಮೇಲೆ ಕಾಯಿ ಎದ್ದು ನಿಂತಿತು, 900 ಅಡಿಗೆ ಗ್ಯಾರಂಟಿ ಅಂದನಂತೆ. ಹಿಂದಿನ ಸಲವೂ ಕಾಯಿ ಎದ್ದು ನಿಂತಿತ್ತು. ಆ ಕಾಯಿಯಲ್ಲಿ ಚಟ್ನಿ ಮಾಡ್ಕೊಂಡು ತಿಂದ್ವಿ, ಅಷ್ಟೇ ಲಾಭ.

ಹೋದ ತಿಂಗಳು ಫೌಂಟನ್ ಹಿಲ್ಸ್ ಅನ್ನೋ ಊರಿಗೆ ಆಡೋಕೆ ಹೋಗಿದ್ದೆ. ಅಲ್ಲಿ ಕೆರೆ ಸುತ್ತ ಕೋರ್ಸು, ಕೆರೆ ನಡುವೆ ಒಂದು ಕಾರಂಜಿ, 1970ರಲ್ಲಿ ಕಟ್ಟಿದ್ದು. ಪೂರ್ತಿ ಬಿಟ್ರೆ 560 ಅಡಿ ಮೇಲಕ್ಕೆ ಹಾರುತ್ತೆ. ಫಲಕದ ಮೇಲೆ ಆ ಅಂಕಿ ನೋಡಿದೋನಿಗೆ ಮೂರನೇ ಬೋರೇ ನೆನಪಾಯ್ತು. ನಾವು ಅಷ್ಟು ಕೆಳಗೆ ಹೋಗಿ ಕಾಣದ್ದನ್ನ ಇವರು ಅಷ್ಟು ಮೇಲಕ್ಕೆ ಎರಚ್ತಿದ್ದಾರೆ. ಕೈ ನಡುಗಿತೋ ಏನೋ, ಡಿಸ್ಕು ಕೆರೆಗೆ ಬಿತ್ತು. ಮೂರರಲ್ಲಿ ಒಂದು ಅದು.

ಇವರ ನೀರು ಎಲ್ಲಿಂದ ಬರುತ್ತೆ ಅಂತ ನೀನು ಕೇಳಿದ್ದೀಯ. ನಮ್ಮ ಚಳ್ಳಕೆರೆಗೆ ಬೀಳೋ ಮಳೆಯ ಅರ್ಧವೂ ಇಲ್ಲಿಗೆ ಬೀಳಲ್ಲ. ಆದ್ರೂ ಪಾರ್ಕಿನ ಹುಲ್ಲಿಗೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ತಿರುಗುತ್ತೆ. ಕೊಲರಾಡೋ ನದಿಯಿಂದ 336 ಮೈಲಿ ಉದ್ದದ ಕಾಲುವೆ ತಂದಿದ್ದಾರೆ, ಜೊತೆಗೆ ಸಾಲ್ಟ್ ನದಿಗೆ ಕಟ್ಟಿದ ಡ್ಯಾಮುಗಳಿವೆ. ಇದನ್ನ ಅಪ್ಪನಿಗೆ ಹೇಳಿದ್ರೆ "ನಮಗೂ ಭದ್ರಾ ಮೇಲ್ದಂಡೆ ಬರುತ್ತೆ ಬಿಡು, ಅಲ್ಲಿವರೆಗೆ ಗಿಡ ಉಳಿಸ್ಕೋಬೇಕು" ಅಂತ ಬೋರಿಗೇ ಬಂದು ನಿಲ್ತಾರೆ. ಹಾಗಾಗಿ ಕಾಲುವೆ ಸುದ್ದಿ ಎತ್ತಬೇಡ. ಇದನ್ನ ಹೇಳು: ಇಲ್ಲೂ ಹಿಂದೆ ಹತ್ತಿ ಬೆಳೆಯೋಕೆ ಅಂತ ನೆಲದ ನೀರನ್ನ ಎತ್ತಿ ಎತ್ತಿ, ಈ ಊರಿನ ದಕ್ಷಿಣಕ್ಕೆ ಕೆಲವು ಕಡೆ ನೆಲವೇ ಹತ್ತು ಅಡಿಗಿಂತ ಹೆಚ್ಚು ಕುಸಿದಿದೆ, ಬಯಲಲ್ಲಿ ಉದ್ದುದ್ದ ಬಿರುಕು ಬಿಟ್ಟಿದೆ. ಆಮೇಲೆ 1980ರಲ್ಲಿ ಕಾನೂನು ಮಾಡಿದ್ರು. ಈಗ ಫೀನಿಕ್ಸ್ ಸುತ್ತ ಮನಸ್ಸಿಗೆ ಬಂದ ಕಡೆ ದೊಡ್ಡ ಬೋರು ಕೊರೆಸಿ ಹೊಸ ಜಮೀನಿಗೆ ನೀರು ಹಾಯಿಸೋ ಹಾಗಿಲ್ಲ. ಇದನ್ನ ಕೇಳಿದ್ರೆ ಅಪ್ಪ ಏನಂತಾರೆ ಗೊತ್ತು. "ಅದು ಅಮೆರಿಕ." ಆದ್ರೂ ಹೇಳು.

ಮರುಭೂಮಿಯಲ್ಲಿ ಹುಲ್ಲು ಬೆಳೆಸ್ತಾರೆ ಅಂತ ಇವರನ್ನ ನೋಡಿ ನಗೋ ಹಕ್ಕು ನನಗಿಲ್ಲ ಬಿಡು. ನಮ್ಮಪ್ಪ ಚಳ್ಳಕೆರೆಯಲ್ಲಿ ನಾನೂರು ಅಡಿಕೆ ಸಸಿ ಹಾಕಿದ್ದಾರೆ.

ನಾನು ಯೋಚಿಸಿರೋದು ಹೀಗೆ. ಮುಂದಿನ ವಾರ ನಿನ್ನ ಖಾತೆಗೆ ಎರಡು ಲಕ್ಷ ಹಾಕ್ತೀನಿ. ಅಪ್ಪನ ಖಾತೆಗೆ ಬೇಡ, ಅದು ನೇರ ಬೋರಿನ ಲಾರಿಯವನ ಕೈಗೆ ಹೋಗುತ್ತೆ. ಸರ ಅಡ ಇಟ್ಟಿದ್ರೆ ಮೊದಲು ಬಿಡಿಸ್ಕೊಂಡು ಬಾ, ತಂದು ನಿನ್ನ ಬೀರುವಿನಲ್ಲಿ ಇಡು. ಉಳಿದದ್ದರಲ್ಲಿ ಕೃಷಿ ಹೊಂಡ ತೋಡಿಸಿ ತಾಡಪಾಲು ಹಾಸೋಣ. ಅಡಿಕೆಯಲ್ಲಿ ಅರ್ಧ ಹೋದ್ರೆ ಹೋಗಲಿ, ಆ ಜಾಗಕ್ಕೆ ಶೇಂಗಾ ಬಿತ್ತಲಿ, ಅದು ಅಪ್ಪನ ಕೈಗೆ ಒಗ್ಗಿದ ಬೆಳೆ. ಇದು ನನ್ನ ಯೋಚನೆ ಅಂತ ಹೇಳಬೇಡ, ಭಾವ ಹೇಳಿದ್ದು ಅನ್ನು. ಅಳಿಯ ಹೇಳಿದ್ರೆ ಅಪ್ಪ ಅರ್ಧ ದಿನವಾದ್ರೂ ಯೋಚಿಸ್ತಾರೆ. ನಾನು ಹೇಳಿದ್ರೆ "ಅಲ್ಲಿ ಕೂತ್ಕೊಂಡು ಇವನಿಗೇನು ಗೊತ್ತು" ಅನ್ನೋಕೆ ಅರ್ಧ ನಿಮಿಷವೂ ಬೇಡ.

ದುಡ್ಡು ಕಳಿಸೋಕೆ ನನಗೇನೂ ತೊಂದರೆ ಇಲ್ಲ. ನಿಜವಾಗಿ ಇಲ್ಲ. ಕೆಲಸ ಚೆನ್ನಾಗಿದೆ, ಊಟ ಚೆನ್ನಾಗಿದೆ, ವಾರಕ್ಕೆರಡು ಸಲ ರಾಗಿಮುದ್ದೆ ಮಾಡ್ಕೋತೀನಿ, ಪಾರ್ಕಿಗೆ ಹೋಗುವಾಗ ಎರಡು ಬಾಟಲ್ ನೀರು, ತಲೆಗೆ ಟೋಪಿ. ಮೈಯೂ ಇಳಿದಿಲ್ಲ. ಫೋಟೋದಲ್ಲಿ ತೆಳ್ಳಗೆ ಕಂಡದ್ದು ನೆರಳು ಬೆಳಕಿನಿಂದ. ಈ ಕಾರಿಗೆ ಏಸಿ ಹಾಕಿಸಿದ್ದೀನಿ, ಆಫೀಸಿಗೂ ಏಸಿ ಇದೆ, ಬಸ್‌ಸ್ಟಾಪಿಗೂ ನೆರಳಿದೆ. ಯಾವುದಕ್ಕೂ ಚಿಂತೆ ಮಾಡಬೇಡ. ಅವ್ವನಿಗೂ ಹಾಗೇ ಹೇಳು. ಬಸ್‌ಸ್ಟಾಪು ಯಾಕೆ ಅಂತ ಕೇಳಬೇಡ, ಕಾರು ಒಂದು ವಾರ ರಿಪೇರಿಗೆ ಬಿಟ್ಟಿದ್ದೆ, ಅಷ್ಟೇ.

ಕೆಳಗೆ ವಾಷಿಂಗ್ ಮಷಿನ್ ನಿಂತಿರಬೇಕು, ತಡ ಮಾಡಿದ್ರೆ ಯಾರೋ ಬಟ್ಟೆ ತೆಗೆದು ನೆಲಕ್ಕೆ ಹಾಕ್ತಾರೆ. ನಿಲ್ಲಿಸ್ತೀನಿ. ಪುಟ್ಟಿಗೆ ಹಳದಿ ಡಿಸ್ಕು ಇಟ್ಟಿದ್ದೀನಿ, ಉಳಿದಿರೋದು ಅದೊಂದೇ. ಹೆಬ್ಬೆರಳು ತೆಗೆದು ಮೂರನೇ ಪುಟದ ಫೋಟೋ ಇನ್ನೊಂದ್ಸಲ ಕಳಿಸು. ಇವತ್ತೇ ಕಳಿಸು. ಅಪ್ಪ ಅವ್ವನಿಗೆ ನಮಸ್ಕಾರ.

ನಿನ್ನ ತಮ್ಮ,
ಮಂಜ