ಅಡಿಕೆ ಸೊಕ್ಕಿದ ರಾತ್ರಿ

ಪುಟ್ಟಿ,

ನೀನು ಬೆಂಗಳೂರು ತಲುಪಿದ್ದು ಅಮ್ಮನಿಂದ ಗೊತ್ತಾಯಿತು. ನನ್ನ ಫೋನ್ ಎತ್ತುತ್ತಿಲ್ಲ. ಸರಿ, ಬರೆಯುತ್ತೇನೆ. ಭಾನುವಾರ ಜಗಲಿಯಲ್ಲಿ ಆದದ್ದನ್ನು ಮತ್ತೆ ಕೆದಕುವುದಿಲ್ಲ. ಕೈ ಎತ್ತಿದ್ದು ತಪ್ಪು. 19 ವರ್ಷದಲ್ಲಿ ಒಂದು ಸಲವೂ ಹೊಡೆದಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

"ನಿನ್ನ ಬಾಯಲ್ಲಿರೋದೇನು ಅಪ್ಪಯ್ಯ?" ಅಂತ ಕೇಳಿ ಬಸ್ ಹತ್ತಿದೆಯಲ್ಲ, ಅವತ್ತಿನಿಂದ ಒಂದೇ ರಾತ್ರಿ ತಲೆಯಲ್ಲಿ ಸುತ್ತುತ್ತಿದೆ.

ನಿನಗಾಗ ಎಂಟು ವರ್ಷ. ಅಡಿಕೆ ಕೊಯ್ಲಿನ ಸಮಯ. ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು. ರಾತ್ರಿ ಹನ್ನೊಂದಾದರೂ ಯಾರೂ ಏಳುತ್ತಿರಲಿಲ್ಲ, ಸುಲಿದಷ್ಟೇ ಕೂಲಿ. ಅವರಿಗೆ ನಿದ್ದೆ ಬಾರದಿರಲಿ ಅಂತ ಎಲೆ, ಸುಣ್ಣ, ಹೊಗೆಸೊಪ್ಪು ತಂದಿಡುತ್ತಿದ್ದವನು ನಾನೇ. ಯಾರೋ ತಮಾಷೆಗೆ ನಿನ್ನ ಬಾಯಿಗೂ ಒಂದು ಎಲೆಯಡಿಕೆ ಕವಳ ಇಟ್ಟರು. ಮುಖ ಕೆಂಪಾಯಿತು, ಹಣೆಯಲ್ಲಿ ಬೆವರೊಡೆಯಿತು, ಅಡಿಕೆ ಸೊಕ್ಕಿ ಸಿಪ್ಪೆ ರಾಶಿ ಮೇಲೆ ಕುಸಿದೆ. ಎಲ್ಲರೂ ನಕ್ಕರು. ಜಾಸ್ತಿ ನಕ್ಕವನು ನಾನು. ಅಮ್ಮ ಬೆಲ್ಲದ ನೀರು ಕುಡಿಸಿದ ಮೇಲೆ ನೀನು ಹೇಳಿದ್ದು, "ಅಪ್ಪಯ್ಯ, ಈಗ ನಿದ್ದೇನೇ ಬರ್ತಿಲ್ಲ." ಆ ಮಾತನ್ನು ವರ್ಷಗಟ್ಟಲೆ ನೆಂಟರ ಮುಂದೆ ಹೇಳಿ ನಗಿಸಿದ್ದೇನೆ. ಆ ಸಿಪ್ಪೆ ರಾಶಿ, ನಿನ್ನ ಹಸಿರು ಲಂಗ, ಎಲ್ಲ ಹಾಗೇ ಕಣ್ಣ ಮುಂದಿದೆ.

ಮೊನ್ನೆ ನೀನು ಹೇಳಿದ್ದೂ ಅದೇ ಅಲ್ವಾ? ಪರೀಕ್ಷೆಗೆ ನಿದ್ದೆ ಬರಬಾರದು ಅಂತ ಸೀನಿಯರ್ ಕೊಟ್ಟ ಮಾತ್ರೆ, ಆಮೇಲೆ ನಿದ್ದೆಯೇ ಬಾರದೆ ಗಾಂಜಾ. ನಾನು ಶೋಕಿ ಅಂದುಕೊಂಡು ಕೂಗಾಡಿದೆ. ಮಾರ್ಕ್ಸ್ ಎಷ್ಟು ಅಂತ ಪ್ರತಿ ವಾರ ಕೇಳಿದವನು, ನಿದ್ದೆ ಮಾಡ್ತೀಯಾ ಅಂತ ಒಂದು ದಿನವೂ ಕೇಳಲಿಲ್ಲ.

ಆದರೂ ಹೇಳುತ್ತೇನೆ, ಬೈಯಬೇಡ. ಆಸೆಗೆ ಕಡಿವಾಣ ಹಾಕುವ ಮಿದುಳಿನ ಭಾಗ ಬಲಿಯುವುದು 25ರ ಹೊತ್ತಿಗಂತೆ. ಎಷ್ಟು ಬೇಗ ಶುರುವಾಗುತ್ತದೋ ಚಟ ಅಷ್ಟು ಗಟ್ಟಿಯಾಗಿ ಕೂರುವ ಸಾಧ್ಯತೆ ಜಾಸ್ತಿ. ಅಡಿಕೆ ಸಸಿ ಬಿಸಿಲಿಗೆ ಸುಡದಿರಲಿ ಅಂತ ಪಕ್ಕದಲ್ಲಿ ಬಾಳೆ ಹಾಕುತ್ತೇವಲ್ಲ, ಆ ವಯಸ್ಸು ನಿನ್ನದು. ಮನೆತನದಲ್ಲಿ ಕುಡಿತ ಇದ್ದರೆ ಅಪಾಯ ಇನ್ನೂ ಹೆಚ್ಚು. ನಿನ್ನ ದೊಡ್ಡಪ್ಪನ ಕಥೆ ಹೇಳಬೇಕಿಲ್ಲ. ಆ ಸೀನಿಯರ್ ಸಹವಾಸ ಬಿಡು. ಒಬ್ಬಳೇ ರೂಮಿನಲ್ಲಿ ಕೂರಬೇಡ. ಊಟ ಬಿಡಬೇಡ. ನೋಡು, ಮತ್ತೆ ಭಾಷಣ ಶುರುವಾಯಿತು.

ಭಾಷಣ ಮಾಡಲು ನಾನ್ಯಾರು? 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಅಡಿಕೆ ರೇಟು ಬೀಳುತ್ತದೆ ಅಂತ ಸಭೆಯಲ್ಲಿ ಗಂಟಲು ಹರಿದುಕೊಂಡವನು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು. ಹುಡುಗರು ಅಂಗಡಿ ಮುಂದೆಯೇ ಎರಡನ್ನೂ ಬೆರೆಸಿ ಬಾಯಿಗೆ ಹಾಕುತ್ತಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯವರು ಹೇಳಿ 20 ವರ್ಷ ದಾಟಿತು. ನಾವು ಅವರನ್ನೇ ಬೈದೆವು. ನಿನ್ನ ಕಾಲೇಜು ಫೀಸು ಕಟ್ಟಿದ್ದು ರಾಶಿ ಇಡಿ ಅಡಿಕೆ ಮಾರಿದ ದುಡ್ಡಲ್ಲೇ.

ಪೊಲೀಸು ಅಂತ ಹೆದರಿದ್ದೀಯ. ತಾವಾಗಿ ಚಿಕಿತ್ಸೆಗೆ ಬರುವವರಿಗೆ ಕಾನೂನಿನಲ್ಲೇ ರಿಯಾಯಿತಿ ಇದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ನನ್ನ ಹತ್ತಿರ ಮಾತಾಡುವ ಮನಸ್ಸಿಲ್ಲದಿದ್ದರೆ ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡು. ನಾನು ಗುರುವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ನೀನು ಒಳಗೆ ಹೋಗು, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಏನೂ ಕೇಳುವುದಿಲ್ಲ.

ಭಾನುವಾರದಿಂದ ಕವಳ ಹಾಕಿಲ್ಲ. ತಲೆ ಸಿಡಿಯುತ್ತದೆ, ನಾಯಿಗೂ ಬೈದೆ. ಸುಳ್ಳು ಯಾಕೆ, ಇವತ್ತು ಬೆಳಿಗ್ಗೆ ಕೊಟ್ಟಿಗೆ ಹಿಂದೆ ನಿಂತು ಒಂದು ಹಾಕಿದೆ. ಅಮ್ಮನಿಗೆ ಹೇಳಬೇಡ.

ನಿನ್ನ
ಅಪ್ಪಯ್ಯ